ಗೋಡೌನಿನಲ್ಲಿ ಗಿನಿ, ಘಾನಾ, ಕಡೂರು

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಚರ್ಮವಾದ್ಯ ನುಡಿಸಬೇಕೆಂದರೆ ಮೊದಲು ಅದನ್ನು ಒಣಗಿಸುವುದನ್ನು ಕಲಿಯಬೇಕು. ಜುಲೈನಲ್ಲಿ ಇಲ್ಲಿ ಗಾಳಿಯೇ ಒದ್ದೆ. ರಾತ್ರಿ ಬಿಗಿಯಾಗಿ ಕಟ್ಟಿಟ್ಟ ವಾದ್ಯ ಬೆಳಿಗ್ಗೆ ಮುಟ್ಟಿದರೆ ಡಬ್ ಡಬ್ ಎಂದು ಸತ್ತ ಸದ್ದು ಮಾಡುತ್ತದೆ. ಬೇರೆ ಬೇರೆ ದೇಶಗಳ ಚರ್ಮವಾದ್ಯ ಕಲಿಯುವ ನಮ್ಮ ಗುಂಪು ಭಾನುವಾರ ಸೇರುವುದು ಊರ ಹೊರಗಿನ ಒಂದು ಹಳೆಯ ಕಾಫಿ ಗೋಡೌನಿನಲ್ಲಿ. ಕೊಯ್ಲಿನ ಕಾಲದಲ್ಲಿ ಅಲ್ಲಿ ಮೂಟೆಗಳು, ಉಳಿದ ಕಾಲ ಖಾಲಿ. ಒಂದು ಮೂಲೆಯಲ್ಲಿ ದೊಡ್ಡ ಬಲ್ಬ್ ಇಳಿಬಿಟ್ಟು, ಅದರ ಸುತ್ತ ವಾದ್ಯಗಳನ್ನು ಇಡುತ್ತೇವೆ. ಚರ್ಮ ಕಾವು ಹಿಡಿಯುವವರೆಗೆ ಯಾರೂ ಕೈ ಹಚ್ಚುವಂತಿಲ್ಲ. ಆ ಹೊತ್ತಿನಲ್ಲಿ ನಮ್ಮ ಮೇಷ್ಟ್ರು ಅಂದಿನ ವಾದ್ಯ ಯಾವ ಊರಿನದು, ಯಾರು ನುಡಿಸುತ್ತಾರೆ, ಯಾವ ಕೆಲಸಕ್ಕೆ ನುಡಿಸುತ್ತಾರೆ ಎಂದು ಹೇಳುತ್ತಾರೆ. ನಾನು ಸೇರಿದ್ದೇ ಆ ಮಾತು ಕೇಳಲು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಆಫ್ರಿಕಾ ಬಂದಾಗ ಮಕ್ಕಳಿಗೆ ನದಿ, ಮರುಭೂಮಿ, ರಾಜಧಾನಿ, ಖನಿಜ ಹೇಳುತ್ತೇನೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅಲ್ಲಿನ ಜನ ಒಟ್ಟಿಗೆ ಸೇರಿದಾಗ ಹೇಗಿರುತ್ತಾರೆ, ಯಾರು ಮೊದಲು ಮಾತಾಡುತ್ತಾರೆ, ಯಾರು ಯಾರಿಗಾಗಿ ಕಾಯುತ್ತಾರೆ ಎನ್ನುವುದು ಪುಸ್ತಕದಲ್ಲಿ ಸಿಗುವುದಿಲ್ಲ ಅಲ್ವಾ? ಇದು ನನ್ನನ್ನು ತುಂಬಾ ದಿನದಿಂದ ಕಾಡುತ್ತಿತ್ತು. ಗುಂಪಿನಲ್ಲಿ ಕೂತು ವಾದ್ಯ ನುಡಿಸಿದರೆ ಅದು ತಿಳಿಯುತ್ತದೆ ಎಂದು ಹೇಳಿದ್ದು ಮೇಷ್ಟ್ರು. ಅವರು ಮೃದಂಗ ಕಲಿತು, ಆಮೇಲೆ ಪಶ್ಚಿಮ ಆಫ್ರಿಕಾದ ವಾದಕರ ಹತ್ತಿರ ಕಲಿತು, ಊರಿಗೆ ವಾಪಸ್ ಬಂದವರು. ಗುಂಪಿನಲ್ಲಿ ಒಬ್ಬರು ನರ್ಸ್, ಒಬ್ಬರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಒಬ್ಬರು ನಿವೃತ್ತ ಪೋಸ್ಟ್ ಮಾಸ್ಟರ್, ಒಂದಿಷ್ಟು ಕಾಲೇಜು ಹುಡುಗರು ಹುಡುಗಿಯರು. ಕಡೂರು ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ತಮಟೆ ನುಡಿಸುವ ಒಬ್ಬ ಹಿರಿಯರೂ ಇದ್ದಾರೆ. ಅವರು ಕಲಿಯಲು ಬಂದರೋ ಕಲಿಸಲು ಬಂದರೋ ಎಂದು ನಾವು ಯಾರೂ ಕೇಳಿಲ್ಲ.

ಶುರುವಾದದ್ದು ಜೆಂಬೆಯಿಂದ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ, ಮೇಲೆ ಅಗಲ, ನಡು ಸಣ್ಣ ಇರುವ ವಾದ್ಯ ಅದು. ಗಿನಿ, ಮಾಲಿ ಕಡೆಯ ಮಾಂಡೆ ಜನರದ್ದು. ಮೇಲೆ ಆಡಿನ ಚರ್ಮ. ಬರಿಗೈಯಲ್ಲಿ ನುಡಿಸಬೇಕು. ಮೂರು ಮುಖ್ಯ ನಾದ: ನಡುವಿಗೆ ಅಂಗೈ ಇಟ್ಟರೆ ಮಂದ್ರ, ಅಂಚಿಗೆ ಬೆರಳು ಸೇರಿಸಿ ಹೊಡೆದರೆ ದುಂಡನೆಯ ನಾದ, ಅದೇ ಅಂಚಿಗೆ ಬೆರಳು ಸಡಿಲ ಬಿಟ್ಟು ಹೊಡೆದರೆ ಚಟ್ ಎನ್ನುವ ಚೂಪು ನಾದ. ಎಲ್ಲರಿಗೂ ಜೆಂಬೆಯೇ ಬೇಕಿತ್ತು. ಮೇಷ್ಟ್ರು ನನ್ನ ಮುಂದೆ ಇಟ್ಟದ್ದು ಒಂದು ಸಣ್ಣ ಡೋಲು ಮತ್ತು ಒಂದು ಕೋಲು. ಜೆಂಬೆ ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆ ದುನುನ್ ಎನ್ನುವ ಮೂರು ಡೋಲುಗಳ ಮನೆ ಇದೆ. ದೊಡ್ಡದು ದುನುನ್‌ಬ, ನಡುವಿನದು ಸಂಗ್‌ಬಾನ್, ಚಿಕ್ಕದು ಕೆಂಕೆನಿ. ನನ್ನ ಪಾಲಿಗೆ ಬಂದದ್ದು ಕೆಂಕೆನಿ. ನಮ್ಮಲ್ಲಿ ಅಸಲಿ ದುನುನ್ ಇರಲಿಲ್ಲ, ಇಲ್ಲೇ ಸಿಕ್ಕ ಡೋಲುಗಳನ್ನು ಶ್ರುತಿ ನೋಡಿ ಜೋಡಿಸಿಕೊಂಡಿದ್ದೆವು.

ಮೊದಲು ಕಲಿತ ಲಯ ಕಾಸಾ. ಗಿನಿಯ ಮಲಿಂಕೆ ರೈತರ ಕೊಯ್ಲಿನ ಲಯ. ಹೊಲದಲ್ಲಿ ಜನ ಸಾಲಾಗಿ ಕೊಯ್ಯುತ್ತಾ ಮುಂದೆ ಹೋದರೆ ವಾದ್ಯದವರು ಅವರ ಜೊತೆಗೇ ನುಡಿಸುತ್ತಾರೆ. ಅಂದರೆ ಇದು ಕೂತು ಕೇಳುವ ಸಂಗೀತವಾಗಿ ಹುಟ್ಟಿದ್ದಲ್ಲ. ಬಗ್ಗಿದ ಬೆನ್ನುಗಳು ನಿಲ್ಲದಂತೆ ನೋಡಿಕೊಳ್ಳುವುದು ಅದರ ಕೆಲಸ. ಈ ಹಳ್ಳಿಯ ಲಯಗಳು ಲೋಕಕ್ಕೆ ಗೊತ್ತಾದದ್ದರ ಹಿಂದೆಯೂ ಒಂದು ಇತಿಹಾಸವಿದೆ. ಗಿನಿಯ ಫೊದೇಬಾ ಕೇಟಾ 1950ರ ದಶಕದ ಶುರುವಿನಲ್ಲಿ ಪ್ಯಾರಿಸ್‌ನಲ್ಲಿ ಒಂದು ನೃತ್ಯ ತಂಡ ಕಟ್ಟಿದರು. 1958ರಲ್ಲಿ ಗಿನಿ ಫ್ರಾನ್ಸ್‌ನಿಂದ ಬಿಡುಗಡೆಯಾದ ಮೇಲೆ ಅದು ದೇಶದ ತಂಡವಾಯಿತು. ಆ ತಂಡದ ಜೊತೆ ಜೆಂಬೆ ಊರೂರು ಸುತ್ತಿತು. ಇವತ್ತು ಬೆಂಗಳೂರಿನ ಅಂಗಡಿಯಲ್ಲಿ ಜೆಂಬೆ ಸಿಗುತ್ತದೆ. ಆದರೆ ಕೆಂಕೆನಿ ಸಿಗುವುದು ಕಷ್ಟ. ಲೋಕ ಮುಂದೆ ನಿಂತವನನ್ನು ಮಾತ್ರ ಕರೆದುಕೊಂಡು ಹೋಯಿತು, ಹಿಂದೆ ಇದ್ದವರನ್ನು ಊರಲ್ಲೇ ಬಿಟ್ಟಿತು ಎಂದು ನನಗೆ ಅನ್ನಿಸುತ್ತದೆ.

ಕೆಂಕೆನಿಯ ಪಾಠ ಚಿಕ್ಕದು. ಒಂದು ಸಣ್ಣ ಸಾಲು, ಅದನ್ನೇ ಮತ್ತೆ ಮತ್ತೆ ಹೊಡೆಯಬೇಕು. ಏರಿಲ್ಲ, ಇಳಿವಿಲ್ಲ, ಅಲಂಕಾರವಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕೈ ತನ್ನಷ್ಟಕ್ಕೆ ಆಡುತ್ತದೆ. ಕೈ ಬಿಡುವಾದಾಗ ಕಿವಿ ತೆರೆದುಕೊಳ್ಳುತ್ತದೆ. ಸಂಗ್‌ಬಾನ್‌ನವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ದೊಡ್ಡ ಡೋಲು ಯಾವಾಗ ಸುಮ್ಮನಿರುತ್ತದೆ, ಮುಂದಿನ ಜೆಂಬೆ ಯಾವ ಗತ್ತಿನಿಂದ, ಅಂದರೆ ಪೆಟ್ಟುಗಳ ಯಾವ ಸಾಲಿನಿಂದ, ಎಲ್ಲರನ್ನೂ ನಿಲ್ಲಿಸುತ್ತದೆ, ಎಲ್ಲವೂ ಕೇಳತೊಡಗುತ್ತದೆ. ಮುಂದೆ ನುಡಿಸುವವರಿಗೆ ಇದು ಇಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ, ಅವರಿಗೆ ತಮ್ಮ ಕೆಲಸವೇ ಜಾಸ್ತಿ. ಒಂದು ಜನಾಂಗ ಒಟ್ಟಿಗೆ ಹೇಗೆ ಬದುಕುತ್ತದೆ ಎಂದು ತಿಳಿಯಬೇಕಾದರೆ ಗುಂಪಿನ ಅತಿ ಸಣ್ಣ ಪಾಲು ತೆಗೆದುಕೊಂಡು ಕೂರಬೇಕು. ಆಮೇಲೆ ಯಾವ ದೇಶದ ಲಯ ಬಂದರೂ ನಾನು ಸಣ್ಣ ಪಾಲನ್ನೇ ಕೇಳಿ ಪಡೆದೆ.

ಘಾನಾದ ಏವೆ ಜನರ ಲಯ ಬಂದಾಗ ನನಗೆ ಸಿಕ್ಕಿದ್ದು ಗಂಟೆ. ಅವರಲ್ಲಿ ಗಾಂಕೊಗುಯಿ ಎನ್ನುವ ಜೋಡಿ ಕಬ್ಬಿಣದ ಗಂಟೆ ಇರುತ್ತದೆ. ಅದಕ್ಕೆ ಜೊತೆ ಅಹಾತ್ಸೆ ಎನ್ನುವ ಸೋರೆಬುರುಡೆಯ ಗಿಲಕಿ. ಆಮೇಲೆ ಕಗಾನು, ಕಿದಿ, ಸೊಗೊ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಡೋಲುಗಳು. ಎಲ್ಲರೂ ಗಂಟೆಯನ್ನು ನೋಡಿಕೊಂಡು ನುಡಿಸುತ್ತಾರೆ. ಗಂಟೆ ಯಾರನ್ನೂ ನೋಡುವುದಿಲ್ಲ. ಅದರ ಲೆಕ್ಕ ಹೀಗೆ: ಹನ್ನೆರಡು ಮಾತ್ರೆ, ಅಂದರೆ ಎಣಿಕೆಯ ಹನ್ನೆರಡು ಸಮ ಪಾಲು, ಅದರಲ್ಲಿ ಏಳು ಪೆಟ್ಟು. ಒಂದು, ಮೂರು, ಐದು, ಆರು, ಎಂಟು, ಹತ್ತು, ಹನ್ನೆರಡು. ಕಾಲಲ್ಲಿ ಮಾತ್ರ ಸಮನಾಗಿ ನಾಲ್ಕು ಹೆಜ್ಜೆ ಹಾಕಬೇಕು, ಅಂದರೆ ಒಂದು, ನಾಲ್ಕು, ಏಳು, ಹತ್ತನೆಯ ಮಾತ್ರೆಗೆ. ಈಗ ಜೋಡಿಸಿ ನೋಡಿ. ಮೊದಲ ಹೆಜ್ಜೆಗೆ ಗಂಟೆ ಬೀಳುತ್ತದೆ, ಕೊನೆಯ ಹೆಜ್ಜೆಗೂ ಬೀಳುತ್ತದೆ. ನಡುವಿನ ಎರಡು ಹೆಜ್ಜೆ ಇಡುವಾಗ ಗಂಟೆ ಸುಮ್ಮನಿರುತ್ತದೆ. ಆ ಎರಡು ಹೆಜ್ಜೆಯನ್ನು ನೀವೇ ನಂಬಿಕೊಂಡು ಇಡಬೇಕು. ಮೈ ಬಿಗಿ ಹಿಡಿದರೆ ಕಾಲು ಗಂಟೆಯ ಹಿಂದೆ ಓಡುತ್ತದೆ, ಸಡಿಲ ಬಿಟ್ಟರೆ ಕೂರುತ್ತದೆ. ನನಗೆ ಅದು ಕೂತ ದಿನ ಗೋಡೌನಿನಲ್ಲಿ ಗಂಟೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ನರ್ಸ್ ಮೇಡಂ ಎದ್ದು ಕುಣಿದರು, ಪೋಸ್ಟ್ ಮಾಸ್ಟರ್ ಚಪ್ಪಾಳೆ ಹಾಕಿದರು.

ಗಂಟೆ ಅಂದೆ, ನಮ್ಮ ಹತ್ತಿರ ಇದ್ದದ್ದು ನಿಜವಾಗಿ ಗುದ್ದಲಿಯ ಎಲೆ. ಎಸ್ಟೇಟಿನ ರೈಟರ್ ಸವೆದ ಗುದ್ದಲಿಯೊಂದನ್ನು ಹಿಡಿ ಕಳಚಿ ತಂದರು. ಎಡಗೈಯಲ್ಲಿ ಹಗ್ಗದಿಂದ ನೇತುಹಾಕಿ ದಪ್ಪ ಬೋಲ್ಟಿನಿಂದ ಹೊಡೆದರೆ ಒಳ್ಳೆಯ ನಾದ. ಮೇಷ್ಟ್ರಿಗೆ ತುಂಬಾ ಖುಷಿಯಾಯಿತು, ಯಾಕೆಂದರೆ ಕ್ಯೂಬಾದಲ್ಲಿ ಹೀಗೇ ಮಾಡುತ್ತಾರೆ. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಅಲ್ಲಿ ಕಬ್ಬಿನ, ಕಾಫಿಯ ತೋಟಗಳಲ್ಲಿ ದುಡಿಸಿದರು. ಅವರ ಗಂಟೆಗಳು ಅವರ ಜೊತೆ ಬರಲಿಲ್ಲ. ಕೈಗೆ ಕೊಟ್ಟಿದ್ದ ಗುದ್ದಲಿಯ ಎಲೆಯೇ ಗಂಟೆಯಾಯಿತು. ಅದಕ್ಕೆ ಗ್ವಾಟಾಕಾ ಎನ್ನುತ್ತಾರೆ. ಈಗಲೂ ಅಲ್ಲಿನ ಪೂಜೆಯ ವಾದ್ಯಗಳಲ್ಲಿ ಅದು ಇದೆ, ಅದೇ ಏಳು ಪೆಟ್ಟು ಅಲ್ಲಿಯೂ ಇದೆ. ಕಾಫಿ ಸೀಮೆಯಲ್ಲಿ ಕೂತು ಇದನ್ನು ಕೇಳುವಾಗ ಕೈಯಲ್ಲಿದ್ದ ಕಬ್ಬಿಣ ಭಾರವಾಯಿತು. ದುಡಿಸಲು ಕೊಟ್ಟ ಸಲಕರಣೆಯಲ್ಲೇ ಅವರು ತಮ್ಮ ದೇವರನ್ನು ಕರೆದರು.

ಡೋಲನ್ನು ಕಂಡರೆ ಯಜಮಾನರಿಗೆ ಭಯವಿತ್ತು. 1739ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಸ್ಟೋನೊ ನದಿಯ ಹತ್ತಿರ ಗುಲಾಮರು ಡೋಲು ಬಾರಿಸುತ್ತಾ ದಂಗೆ ಎದ್ದರು. ಮರುವರ್ಷವೇ, 1740ರಲ್ಲಿ, ಗುಲಾಮರು ಡೋಲು ಇಟ್ಟುಕೊಳ್ಳಬಾರದು ಎಂದು ಕಾನೂನು ಬಂತು. ಟ್ರಿನಿಡಾಡ್‌ನಲ್ಲಿ 1881ರ ಕಾರ್ನಿವಲ್ ಹೊತ್ತಿಗೆ ಪೊಲೀಸರಿಗೂ ಜನರಿಗೂ ಹೊಡೆದಾಟವಾಯಿತು. ಆಮೇಲೆ ಬ್ರಿಟಿಷರು ಡೋಲಿಗೆ ನಿರ್ಬಂಧ ಹಾಕಿದರು. ಜನ ಬಿದಿರಿನ ಬೊಂಬು ಕಡಿದು ನೆಲಕ್ಕೆ ಕುಟ್ಟಿ ಲಯ ಹಿಡಿದರು. 1930ರ ದಶಕದಲ್ಲಿ ಬಿಸ್ಕತ್ ಡಬ್ಬ, ಬಣ್ಣದ ಡಬ್ಬ ಬಂದವು. ಕೊನೆಗೆ ಎಣ್ಣೆಯ ಪೀಪಾಯಿಯ ತಳವನ್ನು ತಗ್ಗು ಮಾಡಿ, ಕುಟ್ಟಿ ಕುಟ್ಟಿ ಸ್ವರ ಕೂರಿಸಿದರು. ಅದೇ ಸ್ಟೀಲ್ ಪ್ಯಾನ್, ಇವತ್ತು ಆ ದೇಶದ ರಾಷ್ಟ್ರೀಯ ವಾದ್ಯ. ನನ್ನ ಶಾಲೆಯ ಮಕ್ಕಳಿಗೆ ಈ ಪಾಠ ಹೇಳಿದಾಗ ಅವರು ಊಟದ ತಟ್ಟೆ ತಿರುವಿ ಹಾಕಿ ನುಡಿಸಲು ಶುರು ಮಾಡಿದರು. ನಾನು ತಡೆಯಲಿಲ್ಲ.

ಟ್ರಿನಿಡಾಡ್‌ನ ಮಾತು ಬಂದಾಗಲೇ ತಮಟೆಯ ಹಿರಿಯರು ಬಾಯಿ ಬಿಟ್ಟಿದ್ದು. ಅಲ್ಲಿಯವರೆಗೆ ಅವರು ಸುಮ್ನೆ ಕೂತು ಕೇಳುತ್ತಿದ್ದರು. ಆವತ್ತು ಮಳೆ ಜೋರು, ಬಲ್ಬಿನ ಕಾವು ಸಾಲದು. ಅವರು ಗೋಡೌನಿನ ಹೊರಗೆ, ಸೂರಿನ ಕೆಳಗೆ, ಒಣ ಹುಲ್ಲು ಮತ್ತು ಹಳೆಯ ಪೇಪರ್ ಗುಡ್ಡೆ ಹಾಕಿ ಬೆಂಕಿ ಹಚ್ಚಿದರು. ತಮಟೆಯನ್ನು ಬೆಂಕಿಗೆ ಮುಖ ಮಾಡಿ ಹಿಡಿದರು. ಒಂದೇ ಕಡೆ ಹಿಡಿಯುವುದಿಲ್ಲ, ಬಳೆಯ ಸುತ್ತ ನಿಧಾನವಾಗಿ ತಿರುಗಿಸುತ್ತಾ ಇರುತ್ತಾರೆ. ನಡುನಡುವೆ ಬೆರಳ ತುದಿಯಿಂದ ತಟ್ಟುತ್ತಾರೆ. ಮೊದಲು ಮಂಕಾಗಿದ್ದ ಸದ್ದು ಒಂದೊಂದೇ ಮೆಟ್ಟಿಲು ಏರಿತು. ಟಣ್ ಎಂದಾಗ ಬೆಂಕಿಯಿಂದ ಎತ್ತಿದರು. "ಬೆಂಕಿ ಕಾಣದಿದ್ರೆ ತಮಟೆ ಮಾತಾಡಲ್ಲ ಕಣಮ್ಮ" ಅಂದರು. ಆಗ ಮೇಷ್ಟ್ರು ಹೇಳಿದರು, ಟ್ರಿನಿಡಾಡ್‌ನಲ್ಲಿ ತಾಸಾ ವಾದ್ಯದವರೂ ಹೀಗೇ ಬೆಂಕಿಗೆ ಹಿಡಿಯುತ್ತಾರೆ ಎಂದು. 1845ರಲ್ಲಿ ಫತೇಲ್ ರಜಾಕ್ ಎನ್ನುವ ಹಡಗಿನಲ್ಲಿ ನಮ್ಮ ದೇಶದ ಕೂಲಿಗಳು ಮೊದಲ ಸಲ ಅಲ್ಲಿಗೆ ಹೋದರು. ಆಮೇಲೆ ದಶಕಗಟ್ಟಲೆ ಹಡಗುಗಳು ಹೋಗುತ್ತಲೇ ಇದ್ದವು. ಅವರು ಉಳಿಸಿಕೊಂಡ ವಾದ್ಯ ತಾಸಾ. ಇವತ್ತೂ ಅಲ್ಲಿನ ನಮ್ಮ ಮೂಲದವರ ಮದುವೆಗೆ ಅದು ಬೇಕೇ ಬೇಕು. ಹಿರಿಯರು ಇದನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡರು. ನಮ್ಮ ಕಡೆಯವರು ಅಷ್ಟು ದೂರ ಹೋಗಿಯೂ ಬೆಂಕಿ ಬಿಡಲಿಲ್ಲವಲ್ಲ ಎಂದು ಅವರಿಗೆ ಹಿಗ್ಗೋ ಹಿಗ್ಗು.

ಅದಾದ ಮೇಲೆ ಅವರು ತಮ್ಮ ಕಥೆ ಹೇಳಿದರು. ಅವರ ತಂದೆ ಜಾತ್ರೆಯಲ್ಲಿ ದೇವರ ಮುಂದೆ ತಮಟೆ ಬಡಿಯುತ್ತಿದ್ದರು. ದೇವರು ಗುಡಿಯೊಳಗೆ ಹೋಗುತ್ತಿತ್ತು, ತಮಟೆ ಹೊರಗೇ ನಿಲ್ಲುತ್ತಿತ್ತು. ಸಾವಿಗೆ, ಡಂಗುರಕ್ಕೆ, ಹಬ್ಬಕ್ಕೆ ಕರೆ ಬರುತ್ತಿತ್ತು. ಬರಲಾರೆ ಎನ್ನುವ ಹಕ್ಕು ಇರಲಿಲ್ಲ. ಕ್ಯಾರೊಲಿನಾದಲ್ಲಿ ಡೋಲು ಬಾರಿಸಬೇಡ ಎಂದು ಕಾನೂನು, ಇಲ್ಲಿ ನೀನೇ ಬಾರಿಸಬೇಕು ಎಂದು ಕಟ್ಟಳೆ. ಎರಡೂ ಕಡೆ ಚರ್ಮ ಮುಟ್ಟಿದ ಕೈಗೆ ಮರ್ಯಾದೆ ಇಲ್ಲ. ಇದನ್ನು ಕೇಳಿದ ಮೇಲೆ ಲೋಕದ ಸಂಸ್ಕೃತಿ ಎನ್ನುವ ಮಾತನ್ನು ನಾನು ಹಗುರವಾಗಿ ಬಳಸುವುದನ್ನು ನಿಲ್ಲಿಸಿದ್ದೇನೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿಯ ಪೇಪರ್ ಕಟಿಂಗನ್ನು ನಮ್ಮ ಹಿರಿಯರು ಇವತ್ತಿಗೂ ಪರ್ಸಿನಲ್ಲಿ ಮಡಚಿ ಇಟ್ಟುಕೊಂಡಿದ್ದಾರೆ.

ಅವರಿಂದ ನಾನು ತಮಟೆ ಹಿಡಿಯುವುದನ್ನು ಕಲಿತೆ. ಒಂದು ಕೈಯಲ್ಲಿ ದಪ್ಪ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ದಪ್ಪ ಕೋಲು ಗತ್ತು ಹೇಳುತ್ತದೆ, ತೆಳ್ಳನೆಯದು ನಡುವಿನ ಜಾಗ ತುಂಬುತ್ತದೆ. ನಾನು ಬಹಳ ದಿನ ತೆಳ್ಳನೆಯ ಕಡ್ಡಿಯನ್ನು ಮಾತ್ರ ಆಡಿಸಿದೆ. ಅವರು ಗತ್ತು ಹಾಕುತ್ತಿದ್ದರು, ನಾನು ತುಂಬುತ್ತಿದ್ದೆ.

ಜಪಾನಿನ ತೈಕೊ ಬೇರೆಯೇ ಲೋಕ. ದೊಡ್ಡ ತೈಕೊವನ್ನು ಮರದ ಕಾಂಡ ಕೊರೆದು, ದನದ ಚರ್ಮ ಎಳೆದು, ಸುತ್ತ ಮೊಳೆ ಹೊಡೆದು ಮಾಡುತ್ತಾರೆ. ನಮಗೆ ಅದು ಎಲ್ಲಿ ಸಿಗಬೇಕು? ಹಳೆಯ ಲಾರಿ ಟೈರುಗಳನ್ನು ತಂದು, ಬಾಯಿಗೆ ಅಗಲವಾದ ಪ್ಯಾಕಿಂಗ್ ಟೇಪನ್ನು ಅಡ್ಡಡ್ಡ ಬಿಗಿದು, ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಇದು ಕೊರತೆಯ ಉಪಾಯವೇನೂ ಅಲ್ಲ, ಬೇರೆ ದೇಶಗಳ ಎಷ್ಟೋ ತೈಕೊ ತಂಡಗಳು ಟೈರಿನ ಮೇಲೆಯೇ ಅಭ್ಯಾಸ ಮಾಡುತ್ತವೆ. ಅಮೆರಿಕದಲ್ಲಿ ನೆಲೆಸಿದ ಜಪಾನಿ ಮೂಲದವರು ವೈನ್ ಪೀಪಾಯಿಗೆ ಚರ್ಮ ಹೊದಿಸಿ ತೈಕೊ ಮಾಡಿಕೊಂಡರು. ಹೊಡೆಯುವ ಕೋಲಿಗೆ ಬಾಚಿ ಎನ್ನುತ್ತಾರೆ. ನಮ್ಮ ಬಾಚಿಗಳು ಕಿತ್ತು ಹಾಕಿದ ಕಾಫಿ ಗಿಡದ ಕಾಂಡದಿಂದ ಆದವು. ಕಾಫಿ ಮರ ಗಟ್ಟಿ, ಕೈಗೆ ಚೆನ್ನಾಗಿ ಕೂರುತ್ತದೆ.

ತೈಕೊ ಹಳೆಯದು, ಆದರೆ ಹಲವು ತೈಕೊಗಳನ್ನು ಸೇರಿಸಿ ತಂಡವಾಗಿ ನುಡಿಸುವುದು ಹೊಸದು. ನಾಗಾನೊ ಪ್ರಾಂತ್ಯದ ಸುವಾ ಸೀಮೆಯ ದೈಹಾಚಿ ಒಗುಚಿ ಜಾಝ್ ಡ್ರಮ್ಮರ್. ಅವರು 1951ರಲ್ಲಿ ಬೇರೆ ಬೇರೆ ಗಾತ್ರದ ತೈಕೊಗಳನ್ನು ಒಟ್ಟು ಕೂರಿಸಿ ಈ ಪದ್ಧತಿ ಶುರು ಮಾಡಿದರು. ಸಾವಿರ ವರ್ಷದ್ದು ಎಂದು ನಾವು ನಂಬಿಕೊಂಡು ನೋಡುವ ಎಷ್ಟೋ ಪರಂಪರೆಗಳನ್ನು ನಮ್ಮ ತಾತನ ಕಾಲದವರು ಹೊಸದಾಗಿ ಕಟ್ಟಿದ್ದಾರೆ. ಅದರಿಂದ ಅವು ಕಡಿಮೆಯಾಗುವುದಿಲ್ಲ. ನನಗಂತೂ ಧೈರ್ಯ ಬರುತ್ತದೆ.

ತೈಕೊದಲ್ಲಿ ಮೊದಲು ಬಾಯಿಪಾಠ. ದೊನ್ ಎಂದರೆ ನಡುವಿಗೆ ಜೋರು ಪೆಟ್ಟು, ದೊಕೊ ಎಂದರೆ ಎರಡು ಚುರುಕು ಪೆಟ್ಟು, ಕ ಎಂದರೆ ಅಂಚಿನ ಮರಕ್ಕೆ. ನಮ್ಮ ಮೃದಂಗದವರ ತಕಧಿಮಿ ಕೇಳಿದವರಿಗೆ ಇದು ಹೊಸದಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸು. ಸು ಎಂದರೆ ಹೊಡೆಯಬಾರದು. ಬಿಡುವನ್ನೂ ಬಾಯಿಬಿಟ್ಟು ಹೇಳಬೇಕು. ದೊನ್, ಸು, ದೊಕೊ, ಸು. ಬಿಡುವಿನಲ್ಲಿ ಕೈ ಇಳಿಬಿಡುವಂತಿಲ್ಲ, ಬಾಚಿ ತಲೆಯ ಮೇಲೆ ನೆಟ್ಟಗೆ ನಿಂತಿರಬೇಕು. ಎಡಗಾಲು ಮುಂದೆ, ಮಂಡಿ ಬಾಗಿರಬೇಕು, ಸೊಂಟ ಕೆಳಗೆ. ಹೊಡೆಯುವಾಗ ಆಗದ ನೋವು ಹೊಡೆಯದೆ ನಿಂತಾಗ ತೊಡೆಗೆ ಆಗುತ್ತದೆ. ಗಿನಿಯ ಲಯದಲ್ಲಿ ಕಿವಿ ಬೆಳೆಯಿತು ಎಂದರೆ, ಇಲ್ಲಿ ಪಕ್ಕದವರ ತೋಳು ನೋಡುವ ಕಣ್ಣು ಬೆಳೆಯಿತು. ಎಲ್ಲರ ಬಾಚಿ ಒಂದೇ ಎತ್ತರಕ್ಕೆ ಏರಿ ಒಟ್ಟಿಗೆ ಇಳಿದಾಗ ಲಾರಿ ಟೈರಿನ ಸದ್ದು ಕೂಡ ಎದೆಗೆ ತಾಗುತ್ತದೆ.

ಕೊರಿಯಾದ ಸಾಮುಲ್ನೊರಿಯನ್ನು ನಾವು ಕೈಯಾರೆ ಕಲಿಯಲಿಲ್ಲ, ಕೇಳಿ ತಿಳಿದೆವು. ಊರ ರೈತರ ಗುಂಪುವಾದ್ಯದಿಂದ 1978ರಲ್ಲಿ ಕಿಮ್ ದುಕ್-ಸೂ ಮತ್ತು ಜೊತೆಗಾರರು ಇದನ್ನು ವೇದಿಕೆಗೆ ತಂದರು. ನಾಲ್ಕು ವಾದ್ಯ: ಸಣ್ಣ ಜಾಗಟೆ ಸಿಡಿಲು, ದೊಡ್ಡ ಜಾಗಟೆ ಗಾಳಿ, ಜಾಂಗು ಎನ್ನುವ ಎರಡು ಮುಖದ ವಾದ್ಯ ಮಳೆ, ಬುಕ್ ಎನ್ನುವ ಡೋಲು ಮೋಡ. ಹೊರಗೆ ನಾಲ್ಕೂ ನಡೆಯುತ್ತಿರುವಾಗ ಗೋಡೌನಿನಲ್ಲಿ ಕೂತು ಇದನ್ನು ಕೇಳಬೇಕು.

ಬುರುಂಡಿಯ ವಿಷಯ ಬಂದಾಗ ನಮ್ಮ ಗುಂಪಿನ ಹೆಂಗಸರಿಗೆ ಸಿಟ್ಟು ಬಂತು. ಅಲ್ಲಿನ ರಾಜಡೋಲಿನ ಕುಣಿತವನ್ನು ಯುನೆಸ್ಕೊ 2014ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. 2017ರಲ್ಲಿ ಅಲ್ಲಿನ ಸರ್ಕಾರ ಹೆಂಗಸರು ಆ ಡೋಲು ಬಾರಿಸಬಾರದು ಎಂದು ಆದೇಶ ಹೊರಡಿಸಿತು. ನಮ್ಮಲ್ಲಿ ಡೊಳ್ಳು ಬಹಳ ಕಾಲ ಗಂಡಸರ ಕೈಯಲ್ಲೇ ಇತ್ತು. ಕುರುಬ ಸಮುದಾಯದ ಬೀರಪ್ಪನ ಸೇವೆಯ ವಾದ್ಯ ಅದು, ಭಾರ ಜಾಸ್ತಿ. ಈಗ ರಾಜ್ಯದಲ್ಲಿ ಹೆಂಗಸರ ಡೊಳ್ಳು ತಂಡಗಳಿವೆ, ಸೊಂಟಕ್ಕೆ ಬಿಗಿದು ನೆಗೆಯುತ್ತಾರೆ. ನಮ್ಮ ಗುಂಪಿನ ಕಾಲೇಜು ಹುಡುಗಿಯೊಬ್ಬಳು ತರೀಕೆರೆಯವಳು, ಅವಳ ಊರಲ್ಲಿ ಡೊಳ್ಳು ಇದೆ. ಆವತ್ತೇ ತಾನು ಡೊಳ್ಳು ಕಲಿಯುತ್ತೇನೆ ಎಂದಳು. ಕಲಿಯುತ್ತಿದ್ದಾಳೆ.

ಒಂದು ಭಾನುವಾರ ಎಲ್ಲರೂ ಬೇಲೂರಿಗೆ ಹೋದೆವು, ಇಲ್ಲಿಂದ ಹತ್ತಿರವೇ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿಗೆ ನಾನು ಶಾಲೆಯ ಮಕ್ಕಳನ್ನು ಪ್ರತಿ ಪ್ರವಾಸದಲ್ಲೂ ಕರೆದುಕೊಂಡು ಹೋಗುತ್ತೇನೆ. ಶಿಲಾಬಾಲಿಕೆಯರನ್ನು ತೋರಿಸುತ್ತೇನೆ. ಈ ಸಲ ಶಿಲಾಬಾಲಿಕೆಯರ ಅಕ್ಕಪಕ್ಕ ನೋಡಿದೆ. ಕುಣಿಯುವವಳ ಮೊಣಕಾಲಿನ ಎತ್ತರಕ್ಕೆ ಪುಟ್ಟ ವಾದ್ಯಗಾರರು ನಿಂತಿದ್ದಾರೆ. ಕೊರಳಿಗೆ ಡೋಲು, ಮುಖ ಅವಳ ಕಡೆ. ತಮಟೆಯ ಹಿರಿಯರು ಒಂದು ಮೂರ್ತಿಯ ಮಣಿಕಟ್ಟನ್ನೇ ಬಹಳ ಹೊತ್ತು ನೋಡಿದರು. ಪೆಟ್ಟು ಬೀಳುವ ಮುಂಚಿನ ಮಣಿಕಟ್ಟು ಅದು, ಕೆತ್ತಿದವನಿಗೆ ನುಡಿಸಲು ಬರುತ್ತಿತ್ತು ಎಂದರು. ನನಗೆ ಆ ಮಾತಿನಲ್ಲಿ ಪೂರ್ತಿ ನಂಬಿಕೆ.

ಕಾಫಿ ಕೊಯ್ಲು ಶುರುವಾದಾಗ ಗೋಡೌನಿಗೆ ಮೂಟೆಗಳು ಬಂದವು, ನಮಗೆ ಜಾಗ ಇಲ್ಲವಾಯಿತು. ರೈಟರ್ ತಮ್ಮ ಎಸ್ಟೇಟಿಗೆ ಕರೆದರು. ಕಾಸಾ ಕೊಯ್ಲಿನ ಲಯ ತಾನೆ, ಕೊಯ್ಯುವವರ ಮುಂದೆಯೇ ನುಡಿಸೋಣ ಎಂದು ಅವರ ಆಸೆ. ಸಂಜೆ ಹಣ್ಣು ಅಳತೆ ಮುಗಿದ ಮೇಲೆ ಕಣದ ಪಕ್ಕದಲ್ಲಿ ಕೂತೆವು. ಕೆಲಸದವರಲ್ಲಿ ಬಹಳಷ್ಟು ಜನ ಜಾರ್ಖಂಡ್ ಮತ್ತು ಅಸ್ಸಾಂ ಕಡೆಯವರು. ಕೊಯ್ಲಿಗೆ ಈಗ ಅವರೇ ಹೆಚ್ಚು ಬರುತ್ತಾರೆ. ನಾವು ಕಾಸಾ ನುಡಿಸಿದೆವು, ಅವರು ಗೌರವದಿಂದ ಕೇಳಿದರು. ಮುಗಿದ ಮೇಲೆ ಒಬ್ಬ ಯುವಕ ಕೆಲಸದವರು ಇರುವ ಲೈನ್ ಮನೆಯೊಳಗೆ ಹೋಗಿ ಮಾಂದರ್ ತಂದ. ಉದ್ದನೆಯ ಮಣ್ಣಿನ ಒಡಲು, ಎರಡು ಕಡೆ ಚರ್ಮ, ಒಂದು ಬಾಯಿ ದೊಡ್ಡದು, ಒಂದು ಚಿಕ್ಕದು. ಮಣ್ಣಿನ ವಾದ್ಯವನ್ನು ರೈಲಿನಲ್ಲಿ ಅಷ್ಟು ದೂರದಿಂದ ಒಡೆಯದಂತೆ ತಂದಿದ್ದ. ಕೊರಳಿಗೆ ಹಾಕಿಕೊಂಡು ಎರಡು ಪೆಟ್ಟು ಹಾಕಿದ್ದೇ ತಡ, ಹೆಂಗಸರು ಒಬ್ಬರ ಸೊಂಟ ಒಬ್ಬರು ಬಳಸಿ ಸಾಲಾಗಿ ನಿಂತರು. ಸಾಲು ಮುಂದೆ ಬಂತು, ಹಿಂದೆ ಹೋಯಿತು, ಪಕ್ಕಕ್ಕೆ ಸರಿಯಿತು. ಅಲ್ಲಿ ಮುಂದಾಳು ಯಾರು ಎಂದು ನನಗೆ ಬಹಳ ಹೊತ್ತು ತಿಳಿಯಲಿಲ್ಲ. ಮಾಂದರ್‌ನವನು ಹೆಂಗಸರ ಕಾಲು ನೋಡಿ ನುಡಿಸುತ್ತಿದ್ದ, ಹೆಂಗಸರು ಅವನ ಕೈ ಕೇಳಿ ಹೆಜ್ಜೆ ಬದಲಿಸುತ್ತಿದ್ದರು.

ಸಾಲಿನ ಕೊನೆಯಲ್ಲಿದ್ದ ಹೆಂಗಸು ನನ್ನ ಕೈ ಎಳೆದಳು. ಹಿಂದಿಯಲ್ಲಿ, ವಾದ್ಯ ಆಮೇಲೆ, ಮೊದಲು ಸಾಲಿಗೆ ಬಾ ಎಂದಳು. ಅವಳ ಮಾತಿನಂತೆ ನಾನೀಗ ಹೆಜ್ಜೆ ಕಲಿಯುತ್ತಿದ್ದೇನೆ. ಕೊಯ್ಲು ಮುಗಿದು ಅವರು ಊರಿಗೆ ಹೊರಡುವವರೆಗೆ ನಮ್ಮ ಕ್ಲಾಸು ಲೈನ್ ಮನೆಗಳ ಮುಂದೆಯೇ. ತಮಟೆಯ ಹಿರಿಯರು ಮಾಂದರ್‌ನ ಯುವಕನ ಪಕ್ಕ ಕೂತು ತೆಳ್ಳನೆಯ ಕಡ್ಡಿಯಿಂದ ಜಾಗ ತುಂಬುತ್ತಾರೆ. ಮೇಷ್ಟ್ರು ನೋಟ್ ಪುಸ್ತಕ ಹಿಡಿದು ಹೆಜ್ಜೆಗಳ ಮಾತ್ರೆ ಬರೆದುಕೊಳ್ಳುತ್ತಿದ್ದಾರೆ.